"ಸ್ಕೂಲ್ ಯಾವುದು ಬರುತ್ತೆ?": ಅಮೆರಿಕದ ಕೌಂಟಿಗಳಲ್ಲಿ ಸರ್ಕಾರಿ ಶಾಲೆಯ ದುಡ್ಡು ಮತ್ತು ಗೆರೆ

ಅಮೆರಿಕದಲ್ಲಿ ಮನೆ ಕೊಳ್ಳಲು ಓಡಾಡುತ್ತಿರುವ ಕನ್ನಡದ ಕುಟುಂಬದ ಜೊತೆ ಹತ್ತು ನಿಮಿಷ ಮಾತಾಡಿ ನೋಡಿ. ಬಾಗಿಲು ಪೂರ್ವಕ್ಕಿದೆಯಾ, ದೇವರ ಮನೆಗೆ ಜಾಗ ಇದೆಯಾ ಅನ್ನುವುದಕ್ಕಿಂತ ಮೊದಲು ಒಂದು ಪ್ರಶ್ನೆ ಬರುತ್ತದೆ: "ಸ್ಕೂಲ್ ಯಾವುದು ಬರುತ್ತೆ?" ಆ 'ಬರುತ್ತೆ' ಅನ್ನುವ ಮಾತಿನಲ್ಲೇ ಇಡೀ ವಿಷಯ ಅಡಗಿದೆ. ಸಾಮಾನ್ಯವಾಗಿ ಅಲ್ಲಿ ಸರ್ಕಾರಿ ಶಾಲೆಯನ್ನು ಅಪ್ಪ ಅಮ್ಮ ಆರಿಸುವುದಿಲ್ಲ. ವಿಳಾಸದ ಜೊತೆಗೇ ಶಾಲೆ ಬರುತ್ತದೆ. ರಸ್ತೆಯ ಈ ಬದಿಯ ಮನೆಗೆ ಒಂದು ಶಾಲೆ, ಎದುರು ಮನೆಗೆ ಇನ್ನೊಂದು ಶಾಲೆ ಬಂದಿರಬಹುದು.

ಎರಡರಲ್ಲೂ ಫೀಸ್ ಇಲ್ಲ. ಆದರೂ ಎರಡೂ ಮನೆಗಳ ಬೆಲೆ ಒಂದೇ ಇರುವುದಿಲ್ಲ. ಸಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ ಇದನ್ನು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅಳೆದರು. ಶಾಲೆಯ ಗೆರೆಯ ಆಚೆ ಈಚೆ ಇರುವ, ಬೇರೆಲ್ಲ ರೀತಿಯಲ್ಲೂ ಒಂದೇ ಥರದ ಮನೆಗಳನ್ನು ಹೋಲಿಸಿ ನೋಡಿದರು. 1999ರಲ್ಲಿ ಬಂದ ಅವರ ಲೆಕ್ಕದ ಪ್ರಕಾರ, ಶಾಲೆಯ ಪರೀಕ್ಷಾ ಅಂಕ ಶೇ. 5ರಷ್ಟು ಹೆಚ್ಚಿದ್ದರೆ ಮನೆಗೆ ಜನ ಸುಮಾರು ಶೇ. 2.5ರಷ್ಟು ಜಾಸ್ತಿ ಕೊಡುತ್ತಾರೆ. ಅಂದರೆ ಫೀಸ್ ಇಲ್ಲದ ಶಾಲೆಗೂ ಬೆಲೆ ಇದೆ. ಅದನ್ನು ಮನೆಯ ಸಾಲದ ಕಂತಿನಲ್ಲಿ ಕಟ್ಟುತ್ತಾರೆ, ಅಷ್ಟೇ. ಕಂತು ಕಟ್ಟಲಾಗದವರ ಮಕ್ಕಳು ಗೆರೆಯ ಆಚೆ ಉಳಿಯುತ್ತಾರೆ.

ನಮ್ಮ ಕರ್ನಾಟಕದಲ್ಲಿ ಬೆಳೆದವರಿಗೆ ಇದು ವಿಚಿತ್ರ ಅನಿಸುತ್ತದೆ. ನಮ್ಮಲ್ಲಿ ರಾಯಚೂರಿನ ಹಳ್ಳಿಯ ಸರ್ಕಾರಿ ಶಾಲೆಯ ಮೇಷ್ಟ್ರಿಗೂ ಮೈಸೂರಿನ ಸರ್ಕಾರಿ ಶಾಲೆಯ ಮೇಷ್ಟ್ರಿಗೂ ಸಂಬಳ ಬರುವುದು ರಾಜ್ಯದ ಖಜಾನೆಯಿಂದ. ಊರಿನ ಮನೆಗಳ ಬೆಲೆ ಎಷ್ಟು ಅನ್ನುವುದಕ್ಕೂ ಆ ಸಂಬಳಕ್ಕೂ ಸಂಬಂಧ ಇಲ್ಲ. ಅಮೆರಿಕದಲ್ಲಿ ಸಂಬಂಧ ಇದೆ. ಅಲ್ಲಿ ಸರ್ಕಾರಿ ಶಾಲೆಗಳ ಒಟ್ಟು ಖರ್ಚಿನ ಹತ್ತು ಪಾಲಿನಲ್ಲಿ ಹೆಚ್ಚುಕಡಿಮೆ ಒಂದು ಪಾಲು ಮಾತ್ರ ಕೇಂದ್ರ ಸರ್ಕಾರದ್ದು. ಉಳಿದದ್ದನ್ನು ರಾಜ್ಯ ಮತ್ತು ಸ್ಥಳೀಯರು ಸುಮಾರಾಗಿ ಅರ್ಧರ್ಧ ಹೊರುತ್ತಾರೆ. ಸ್ಥಳೀಯ ಪಾಲಿನಲ್ಲಿ ಬಹುಪಾಲು ಮನೆ, ಅಂಗಡಿ, ಜಮೀನಿನ ಮೇಲಿನ ತೆರಿಗೆ. ನಾವು ಕಂದಾಯ ಅನ್ನುತ್ತೇವಲ್ಲ, ಅದು.

ಹಾಗಾಗಿ ಅಲ್ಲಿ ಎರಡು ಗೆರೆಗಳಿವೆ. ಇವೆರಡನ್ನೂ ಬೇರೆ ಬೇರೆಯಾಗಿ ಹಿಡಿದುಕೊಳ್ಳದೆ ಹೋದರೆ ಚರ್ಚೆ ಗೋಜಲಾಗುತ್ತದೆ. ಒಂದು ದೊಡ್ಡ ಗೆರೆ, ಸ್ಕೂಲ್ ಡಿಸ್ಟ್ರಿಕ್ಟ್‌ನ ಗಡಿ. ಡಿಸ್ಟ್ರಿಕ್ಟ್ ಅಂದ ತಕ್ಷಣ ನಮ್ಮ ಜಿಲ್ಲೆ ಅಂದುಕೊಳ್ಳಬೇಡಿ. ಇದು ಶಾಲೆ ನಡೆಸುವುದಕ್ಕೆಂದೇ ಇರುವ ಸ್ಥಳೀಯ ಸಂಸ್ಥೆ. ಅದಕ್ಕೆ ಸಾಮಾನ್ಯವಾಗಿ ಚುನಾಯಿತ ಮಂಡಳಿ ಇರುತ್ತದೆ, ಎಷ್ಟೋ ಕಡೆ ತೆರಿಗೆ ಹಾಕುವ ಅಧಿಕಾರವೂ ಇರುತ್ತದೆ. ಯಾರ ಕಂದಾಯ ಯಾವ ಹುಂಡಿಗೆ ಬೀಳುತ್ತದೆ ಅನ್ನುವುದನ್ನು ಈ ದೊಡ್ಡ ಗೆರೆ ತೀರ್ಮಾನಿಸುತ್ತದೆ. ಇನ್ನೊಂದು ಸಣ್ಣ ಗೆರೆ. ಡಿಸ್ಟ್ರಿಕ್ಟ್ ಒಳಗೆ ಯಾವ ಬೀದಿಯ ಮಗು ಯಾವ ಶಾಲೆಗೆ ಅನ್ನುವುದನ್ನು ಅದು ಹೇಳುತ್ತದೆ. ದೊಡ್ಡ ಗೆರೆ ದುಡ್ಡನ್ನು ಹಂಚುತ್ತದೆ, ಸಣ್ಣ ಗೆರೆ ಮಕ್ಕಳನ್ನು ಹಂಚುತ್ತದೆ. ಒಂದನ್ನು ಸರಿ ಮಾಡಿ ಇನ್ನೊಂದನ್ನು ಬಿಟ್ಟರೆ ನ್ಯಾಯ ಅರ್ಧದಲ್ಲೇ ನಿಲ್ಲುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಎರಡು ಕೌಂಟಿಗಳ (ಕೌಂಟಿ ಅಂದರೆ ರಾಜ್ಯದೊಳಗಿನ ಆಡಳಿತ ವಿಭಾಗ, ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ಹಾಗೆ) ಕಥೆ ಹೇಳಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಒಂದು ಕೌಂಟಿ, ಹಲವು ಹುಂಡಿ

ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ನಗರ ಇರುವುದು ಬೇರ್ ಕೌಂಟಿಯಲ್ಲಿ. ಬರೆಯುವುದು ಬೆಕ್ಸರ್ ಎಂಬಂತೆ, ಅಲ್ಲಿಯವರು ಹೇಳುವುದು ಬೇರ್. ಈ ಒಂದು ಕೌಂಟಿಯಲ್ಲಿ ಹತ್ತಕ್ಕೂ ಹೆಚ್ಚು ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ಅವುಗಳಲ್ಲಿ ಎರಡರ ಹೆಸರು ಅಮೆರಿಕದ ಕಾನೂನಿನ ಇತಿಹಾಸದಲ್ಲಿ ಸೇರಿಕೊಂಡಿದೆ. ಒಂದು ನಗರದ ಪಶ್ಚಿಮಕ್ಕಿರುವ ಎಜ್‌ವುಡ್, ಇನ್ನೊಂದು ಅಲಾಮೊ ಹೈಟ್ಸ್.

1960ರ ದಶಕದ ಕೊನೆಗೆ ಎಜ್‌ವುಡ್‌ನಲ್ಲಿ ಸುಮಾರು 22,000 ಮಕ್ಕಳು ಓದುತ್ತಿದ್ದರು. ನೂರರಲ್ಲಿ ತೊಂಬತ್ತು ಮಕ್ಕಳು ಮೆಕ್ಸಿಕನ್ ಮೂಲದವರು. ಅಲಾಮೊ ಹೈಟ್ಸ್‌ನಲ್ಲಿ ಸುಮಾರು 5,000 ಮಕ್ಕಳು, ಹೆಚ್ಚಿನವರು ಬಿಳಿಯರು. 1968ರ ಮೇ 16ರಂದು ಎಜ್‌ವುಡ್ ಹೈಸ್ಕೂಲಿನ ಮಕ್ಕಳು ತರಗತಿ ಬಿಟ್ಟು ಹೊರಗೆ ನಡೆದರು. ಒಡೆದ ಕಿಟಕಿ, ಸಾಕಾಗದಷ್ಟು ಪುಸ್ತಕ, ಸರಿಯಾದ ಅರ್ಹತೆ ಇಲ್ಲದ ಟೀಚರ್‌ಗಳು. ಮಕ್ಕಳು ಕೇಳಿದ್ದು ಇವನ್ನು ಸರಿಪಡಿಸಿ ಅಂತ ಮಾತ್ರ. ಅದೇ ವರ್ಷ ಪೋಷಕರು ಕೋರ್ಟಿಗೆ ಹೋದರು. ಮುಂದೆ ನಿಂತವರು ಡೆಮೆಟ್ರಿಯೊ ರೊಡ್ರಿಗೆಜ್. ಸೇನೆಯಲ್ಲಿದ್ದು ಬಂದವರು, ಕೆಲ್ಲಿ ವಾಯುನೆಲೆಯಲ್ಲಿ ಲೋಹದ ತಗಡಿನ ಕೆಲಸ ಮಾಡುತ್ತಿದ್ದವರು.

ಕೋರ್ಟಿನ ದಾಖಲೆಯಲ್ಲಿ 1967-68ರ ಲೆಕ್ಕ ಇದೆ. ಅದನ್ನು ನಿಧಾನವಾಗಿ ಓದಬೇಕು. ಎಜ್‌ವುಡ್‌ನಲ್ಲಿ ತಲಾ ಒಂದು ಮಗುವಿಗೆ ತೆರಿಗೆ ಹಾಕಬಹುದಾದ ಆಸ್ತಿಯ ಮೌಲ್ಯ 5,960 ಡಾಲರ್. ಅಲಾಮೊ ಹೈಟ್ಸ್‌ನಲ್ಲಿ 49,000 ಡಾಲರಿಗೂ ಹೆಚ್ಚು. ಎಜ್‌ವುಡ್‌ನವರು ತಮ್ಮ ಮೇಲೆ ಹಾಕಿಕೊಂಡ ತೆರಿಗೆ ಪ್ರತಿ 100 ಡಾಲರಿಗೆ 1.05. ಆ ನಗರ ಪ್ರದೇಶದಲ್ಲೇ ಅತಿ ಹೆಚ್ಚಿನ ದರ ಅದು. ಅಲಾಮೊ ಹೈಟ್ಸ್‌ನವರ ದರ 0.85 ಮಾತ್ರ. ಇಷ್ಟಾಗಿ, ಎಲ್ಲ ಶಾಲೆಗೂ ಕನಿಷ್ಠ ಖರ್ಚು ಒದಗಿಸುವ ರಾಜ್ಯದ ಕಾರ್ಯಕ್ರಮಕ್ಕೆ ಕೊಡಬೇಕಾದ ಪಾಲು ಕಳೆದ ಮೇಲೆ, ಎಜ್‌ವುಡ್‌ಗೆ ಸ್ಥಳೀಯ ತೆರಿಗೆಯಿಂದ ಮಗುವಿಗೆ ಉಳಿದದ್ದು 26 ಡಾಲರ್. ಅಲಾಮೊ ಹೈಟ್ಸ್‌ಗೆ 333 ಡಾಲರ್.

ಜಾಸ್ತಿ ತೆರಿಗೆ ಕಟ್ಟಿದವರಿಗೆ ಕಡಿಮೆ ದುಡ್ಡು. ಇದು ಸೋಮಾರಿತನದ ಕಥೆ ಅಲ್ಲ, ಮಕ್ಕಳ ಓದಿನ ಬಗ್ಗೆ ಅಸಡ್ಡೆಯ ಕಥೆಯೂ ಅಲ್ಲ. ಬಾವಿಯಲ್ಲಿ ನೀರೇ ಇಲ್ಲದಿದ್ದರೆ ಎಷ್ಟು ಸೇದಿದರೇನು?

ರಾಜ್ಯದ ದುಡ್ಡು ಈ ಅಂತರ ತುಂಬಬೇಕಿತ್ತು, ಅಲ್ವಾ? ರಾಜ್ಯ ಎಜ್‌ವುಡ್‌ಗೆ ಕೊಟ್ಟದ್ದು ಮಗುವಿಗೆ 222 ಡಾಲರ್, ಅಲಾಮೊ ಹೈಟ್ಸ್‌ಗೆ 225. ಸಿರಿವಂತ ಕಡೆಗೇ ಮೂರು ಡಾಲರ್ ಹೆಚ್ಚು! ಕಾರಣ, ರಾಜ್ಯದ ಹಣದ ದೊಡ್ಡ ಭಾಗ ಟೀಚರ್‌ಗಳ ಸಂಬಳದ ಲೆಕ್ಕದಲ್ಲಿ ಹೋಗುತ್ತಿತ್ತು. ಹೆಚ್ಚು ಓದಿದ, ಹೆಚ್ಚು ಅನುಭವ ಇರುವ ಟೀಚರ್‌ಗಳಿಗೆ ಹೆಚ್ಚು ಸಂಬಳ. ಅಂಥವರು ಇದ್ದದ್ದು ಅಲಾಮೊ ಹೈಟ್ಸ್‌ನಲ್ಲಿ. ಎಜ್‌ವುಡ್‌ನ ಸುಮಾರು ಶೇ. 47 ಟೀಚರ್‌ಗಳು ತುರ್ತು ಪರವಾನಗಿಯ ಮೇಲೆ, ಅಂದರೆ ಪೂರ್ತಿ ಅರ್ಹತೆ ಇಲ್ಲದೆ, ಪಾಠ ಮಾಡುತ್ತಿದ್ದರು. ಅಲಾಮೊ ಹೈಟ್ಸ್‌ನಲ್ಲಿ ಅಂಥವರು ಶೇ. 11. ಕೇಂದ್ರದ ನೆರವು ಎಜ್‌ವುಡ್‌ಗೆ 108, ಅಲಾಮೊ ಹೈಟ್ಸ್‌ಗೆ 36. ಎಲ್ಲ ಕೂಡಿದರೆ 356 ಮತ್ತು 594.

1971ರಲ್ಲಿ ಮೂವರು ನ್ಯಾಯಾಧೀಶರ ಫೆಡರಲ್, ಅಂದರೆ ಕೇಂದ್ರದ, ಕೋರ್ಟ್ ರೊಡ್ರಿಗೆಜ್ ಪರ ತೀರ್ಪು ಕೊಟ್ಟಿತು. ಆದರೆ 1973ರ ಮಾರ್ಚ್ 21ರಂದು ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಅದನ್ನು ತಿರುವಿ ಹಾಕಿತು. ಬಹುಮತದ ತೀರ್ಪು ಬರೆದವರು ಲೂಯಿಸ್ ಪೊವೆಲ್. ಶಿಕ್ಷಣ ಅಮೆರಿಕದ ಸಂವಿಧಾನ ಕಾಪಾಡುವ ಮೂಲಭೂತ ಹಕ್ಕುಗಳಲ್ಲಿ ಸೇರಿಲ್ಲ, ಸರಿಪಡಿಸುವುದು ರಾಜ್ಯಗಳ ಶಾಸನಸಭೆಯ ಕೆಲಸ ಎಂದರು. ಬಹುಮತದ ಜೊತೆ ನಿಂತ ಪಾಟರ್ ಸ್ಟುವರ್ಟ್ ಕೂಡ ಈ ಪದ್ಧತಿಯನ್ನು ಅವ್ಯವಸ್ಥಿತ ಮತ್ತು ಅನ್ಯಾಯದ್ದು ಎಂದೇ ಬರೆದರು. ಥರ್ಗುಡ್ ಮಾರ್ಷಲ್ ಉದ್ದದ ಭಿನ್ನ ತೀರ್ಪು ಬರೆದರು. ಬಡವರು ಮತ್ತೆ ಸೋತರು ಎಂದರು ರೊಡ್ರಿಗೆಜ್. ಆ ದಿನದಿಂದ ಇವತ್ತಿನವರೆಗೂ ಶಾಲೆಯ ದುಡ್ಡಿನ ಜಗಳಕ್ಕೆ ಅಲ್ಲಿ ಫೆಡರಲ್ ಕೋರ್ಟಿನ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಹೋರಾಟ ಒಂದೊಂದು ರಾಜ್ಯದಲ್ಲಿ ಬೇರೆ ಬೇರೆಯಾಗಿ ನಡೆಯಬೇಕಾಯಿತು.

ಎಜ್‌ವುಡ್ ಬಿಡಲಿಲ್ಲ. 1984ರಲ್ಲಿ ಮತ್ತೆ ಮೊಕದ್ದಮೆ ಹೂಡಿತು, ಈ ಸಲ ಟೆಕ್ಸಸ್‌ನ ಕೋರ್ಟಿನಲ್ಲಿ, ಟೆಕ್ಸಸ್‌ನ ಸಂವಿಧಾನ ಹಿಡಿದು. ಅಷ್ಟು ಹೊತ್ತಿಗೆ ಒಂದು ಮಗುವಿಗೆ ಬರುವ ಆಸ್ತಿಯ ಮೌಲ್ಯ ಎಜ್‌ವುಡ್‌ನಲ್ಲಿ 38,854 ಡಾಲರ್, ಅಲಾಮೊ ಹೈಟ್ಸ್‌ನಲ್ಲಿ 5,70,109 ಡಾಲರ್ ಆಗಿತ್ತು. ಇಡೀ ರಾಜ್ಯದಲ್ಲಿ ಅತಿ ಸಿರಿವಂತ ಡಿಸ್ಟ್ರಿಕ್ಟ್‌ಗೂ ಅತಿ ಬಡ ಡಿಸ್ಟ್ರಿಕ್ಟ್‌ಗೂ 700ಕ್ಕೆ 1ರ ಅಂತರ. 1989ರಲ್ಲಿ, ಆ ರಾಜ್ಯದ ಅತಿ ಮೇಲಿನ ಕೋರ್ಟಾದ ಟೆಕ್ಸಸ್ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಎಜ್‌ವುಡ್ ಪರ ನಿಂತರು. ಮಕ್ಕಳು ಹೊರಗೆ ನಡೆದು ಆಗಲೇ ಇಪ್ಪತ್ತೊಂದು ವರ್ಷ. ಅವರ ಮಕ್ಕಳು ಶಾಲೆಗೆ ಹೋಗುವ ಕಾಲ.

ಉಳ್ಳವರಿಂದ ತೆಗೆದು ಕೊಡುವುದು

1993ರಲ್ಲಿ ಟೆಕ್ಸಸ್ ಒಂದು ಕಾನೂನು ಮಾಡಿತು. ಮಗುವೊಂದಕ್ಕೆ ಇಂತಿಷ್ಟು ಆಸ್ತಿ ಮೌಲ್ಯ ಎಂದು ಒಂದು ಮಿತಿ. ಶುರುವಿನಲ್ಲಿ ಅದು 2,80,000 ಡಾಲರ್. ಅದಕ್ಕಿಂತ ಹೆಚ್ಚು ಆಸ್ತಿ ಇರುವ ಡಿಸ್ಟ್ರಿಕ್ಟ್‌ಗಳು ತಮ್ಮ ತೆರಿಗೆಯ ಒಂದು ಭಾಗವನ್ನು ಹೊರಗೆ ಬಿಟ್ಟುಕೊಡಬೇಕು. ಜನ ಇದಕ್ಕೆ ಇಟ್ಟ ಹೆಸರು 'ರಾಬಿನ್ ಹುಡ್'. 1995ರಲ್ಲಿ ಕೋರ್ಟ್ ಇದನ್ನು ಒಪ್ಪಿತು. ಅಲಾಮೊ ಹೈಟ್ಸ್ ಕೂಡ ಹೀಗೆ ದುಡ್ಡು ಬಿಟ್ಟುಕೊಡುವ ಡಿಸ್ಟ್ರಿಕ್ಟ್‌ಗಳಲ್ಲಿ ಒಂದಾಯಿತು.

"ನಾವು ಕಟ್ಟಿದ ತೆರಿಗೆ ನಮ್ಮ ಮಕ್ಕಳಿಗೇ ಯಾಕೆ ಸಿಗಬಾರದು?" ಇದು ಅಲ್ಲಿ ಪದೇ ಪದೇ ಕೇಳುವ ಮಾತು. ಸಹಜವಾದ ಪ್ರಶ್ನೆಯೇ. ಆದರೆ ಯೋಚಿಸಿ. ರೊಡ್ರಿಗೆಜ್ ಅಂಥವರು ದುಡಿದದ್ದು ವಾಯುನೆಲೆಯಲ್ಲಿ. ಸೇನೆಯ ಜಾಗಕ್ಕೆ ಆಸ್ತಿ ತೆರಿಗೆ ಇಲ್ಲ. ಒಂದು ದೊಡ್ಡ ಮಾಲ್, ಒಂದು ಆಫೀಸು ಕಟ್ಟಡ ಯಾವ ಡಿಸ್ಟ್ರಿಕ್ಟ್ ಒಳಗೆ ಬೀಳುತ್ತದೋ ಅದರ ತೆರಿಗೆ ಆ ಡಿಸ್ಟ್ರಿಕ್ಟ್‌ಗೆ ಹೋಗುತ್ತದೆ. ಅಲ್ಲಿ ಕಸ ಗುಡಿಸುವವರು, ಅಲ್ಲಿ ಸಾಮಾನು ಕೊಳ್ಳುವವರು ಎಲ್ಲಿಂದಲೋ ಬಂದಿರುತ್ತಾರೆ. ಆಸ್ತಿಯ ಬೆಲೆಯನ್ನು ಇಡೀ ಊರು ಸೇರಿ ಬೆಳೆಸುತ್ತದೆ. ಅದರ ಫಲ ಮಾತ್ರ ಒಂದು ಗೆರೆಯೊಳಗೆ ಉಳಿಯುತ್ತದೆ. ಇದನ್ನು ಹಂಚಿಕೊಳ್ಳುವುದರಲ್ಲಿ ನನಗೆ ಅನ್ಯಾಯ ಕಾಣುವುದಿಲ್ಲ.

ಆದರೆ ಆ ಕಾನೂನಿನಲ್ಲಿ ತೊಡಕುಗಳು ಇವೆ. ಅದು ಹೆಚ್ಚಾಗಿ ನೋಡುವುದು ಆಸ್ತಿಯನ್ನು, ಮಕ್ಕಳ ಮನೆಯ ಪರಿಸ್ಥಿತಿಯನ್ನಲ್ಲ. ಆಸ್ಟಿನ್ ನಗರವನ್ನೇ ನೋಡಿ. ಜಾಗದ ಬೆಲೆ ಗಗನಕ್ಕೇರಿದೆ. ಹಾಗಾಗಿ ಟೆಕ್ಸಸ್‌ನಲ್ಲೇ ಅತಿ ಹೆಚ್ಚು ದುಡ್ಡು ಬಿಟ್ಟುಕೊಟ್ಟಿರುವ ಡಿಸ್ಟ್ರಿಕ್ಟ್‌ ಅದು. ಆದರೆ ಅಲ್ಲಿನ ಸರ್ಕಾರಿ ಶಾಲೆಗಳ ಹೆಚ್ಚುಕಡಿಮೆ ಅರ್ಧ ಮಕ್ಕಳು ಬಡ ಮನೆಯವರು. ಇನ್ನೊಂದು, ಹಂಚಿಕೆ ಆಗುವುದು ದಿನನಿತ್ಯದ ಖರ್ಚಿನ ತೆರಿಗೆ ಮಾತ್ರ. ಕಟ್ಟಡಕ್ಕೆಂದು ಸಾಲ ಎತ್ತಿ, ಆ ಸಾಲ ತೀರಿಸಲು ಹಾಕುವ ಪ್ರತ್ಯೇಕ ತೆರಿಗೆ ಹಂಚಿಕೆಗೆ ಬರುವುದಿಲ್ಲ. ಟೀಚರ್ ಸಂಬಳದಲ್ಲಿ ಅಂತರ ಕಡಿಮೆಯಾದರೂ ಲ್ಯಾಬ್, ಆಟದ ಮೈದಾನ, ಏರ್ ಕಂಡಿಷನ್, ಸೋರದ ಛಾವಣಿ ಇವುಗಳಲ್ಲಿ ಉಳಿದುಬಿಡುವುದು ಇದರಿಂದಲೇ.

ಮಕ್ಕಳನ್ನೇ ಎಣಿಸುವ ದಾರಿಯೂ ಇದೆ. ಅದಕ್ಕೆ ತೂಕದ ಲೆಕ್ಕ ಅನ್ನಬಹುದು. ಪ್ರತಿ ಮಗುವಿಗೂ ಒಂದು ಮೂಲ ಮೊತ್ತ. ಬಡತನ, ಅಂಗವೈಕಲ್ಯ, ಇಂಗ್ಲಿಷ್ ಇನ್ನೂ ಬಾರದಿರುವುದು ಇಂಥ ಕಾರಣಗಳಿಗೆ ಅದರ ಮೇಲೆ ಇಷ್ಟು ಭಾಗ ಹೆಚ್ಚು. ಟೆಕ್ಸಸ್ 2019ರಲ್ಲಿ ಮೂಲ ಮೊತ್ತವನ್ನು 6,160 ಡಾಲರಿಗೆ ಏರಿಸಿತು. ಬಡ ಮನೆಯ ಮಗುವಿಗೆ, ಅದು ಇರುವ ಬಡಾವಣೆ ಎಷ್ಟು ಹಿಂದುಳಿದಿದೆ ಎಂದು ನೋಡಿ, 0.225ರಿಂದ 0.275ರವರೆಗೆ ತೂಕ ಕೂಡಿಸಿತು. ಅಂದರೆ ಮೂಲ ಮೊತ್ತದ ಮೇಲೆ 1,386ರಿಂದ 1,694 ಡಾಲರ್ ಹೆಚ್ಚು. ಬಡವರ ನಡುವೆಯೇ ಇರುವ ಬಡ ಮಗುವಿಗೆ ಇನ್ನಷ್ಟು ಬೇಕು ಎಂದು ಕಾನೂನೇ ಒಪ್ಪಿಕೊಂಡಿತಲ್ಲ, ಅದು ದೊಡ್ಡ ಹೆಜ್ಜೆ.

ಒಂದೇ ಹುಂಡಿ ಇದ್ದರೆ ಸಾಕೇ?

ಇಷ್ಟು ಓದಿದವರಿಗೆ ಒಂದು ಸರಳ ಉಪಾಯ ಹೊಳೆಯಬಹುದು. ಇಡೀ ಕೌಂಟಿಗೆ ಒಂದೇ ಡಿಸ್ಟ್ರಿಕ್ಟ್ ಮಾಡಿಬಿಟ್ಟರೆ? ಎಲ್ಲರ ತೆರಿಗೆಯೂ ಒಂದೇ ಹುಂಡಿಗೆ. ಮೇರಿಲ್ಯಾಂಡ್, ಫ್ಲಾರಿಡಾ ರಾಜ್ಯಗಳಲ್ಲಿ ಹೀಗೇ ಇದೆ. ಉತ್ತರ ಕ್ಯಾರೊಲಿನಾದ ಮೆಕ್ಲನ್‌ಬರ್ಗ್ ಕೌಂಟಿಯಲ್ಲೂ ಹೀಗೇ. ಬ್ಯಾಂಕುಗಳ ಊರಾದ ಷಾರ್ಲೆಟ್ ಇರುವುದು ಅಲ್ಲಿ. ನಗರದ ಶಾಲೆಗಳೂ ಕೌಂಟಿಯ ಶಾಲೆಗಳೂ 1960ರಲ್ಲೇ ಒಂದಾದವು.

ದೊಡ್ಡ ಗೆರೆ ಹೋಯಿತು. ಸಣ್ಣ ಗೆರೆಗಳು ಉಳಿದವು. ಬಡಾವಣೆಗಳು ಕರಿಯರದ್ದು, ಬಿಳಿಯರದ್ದು ಎಂದು ಬೇರೆ ಬೇರೆ ಇದ್ದವು. 'ಹತ್ತಿರದ ಶಾಲೆ' ಅನ್ನುವ ನಿಯಮ ಕೇಳುವುದಕ್ಕೆ ಎಷ್ಟು ಒಳ್ಳೆಯದು! ಆದರೆ ಅಂಥ ಊರಿನಲ್ಲಿ ಆ ನಿಯಮ ಮಾಡಿದ್ದು, ಮನೆಯ ಬೇರ್ಪಡೆಯನ್ನು ಶಾಲೆಯೊಳಗೂ ತಂದದ್ದು. 1968-69ರಲ್ಲಿ ಅಲ್ಲಿ ಸುಮಾರು 84,000 ಮಕ್ಕಳಿದ್ದರು. ಅವರಲ್ಲಿ ಸುಮಾರು 14,000 ಕಪ್ಪು ಮಕ್ಕಳು ಹೆಚ್ಚುಕಡಿಮೆ ಪೂರ್ತಿ ಕಪ್ಪು ಮಕ್ಕಳೇ ಇದ್ದ 21 ಶಾಲೆಗಳಲ್ಲಿ ಓದುತ್ತಿದ್ದರು. ಶಾಲೆಗಳಲ್ಲಿ ಬಣ್ಣದ ಬೇರ್ಪಡೆ ತಪ್ಪು ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು.

1965ರಲ್ಲಿ ಆರು ವರ್ಷದ ಜೇಮ್ಸ್ ಸ್ವಾನ್ ಮತ್ತು ಇತರ ಮಕ್ಕಳ ಪರವಾಗಿ ವಕೀಲ ಜೂಲಿಯಸ್ ಚೇಂಬರ್ಸ್ ದಾವೆ ಹೂಡಿದರು. ಅದೇ ವರ್ಷ ಅವರ ಮನೆಗೆ ಬಾಂಬ್ ಹಾಕಿದರು. 1971ರಲ್ಲಿ ಅವರ ಆಫೀಸಿಗೆ ಬೆಂಕಿ ಇಟ್ಟರು. ಶಾಲೆಯ ಗೆರೆಯ ವಿಷಯಕ್ಕೆ! ಅವರು ಹಿಂದೆ ಸರಿಯಲಿಲ್ಲ. 1971ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು. ಗೆರೆಗಳನ್ನು ಬೇರೆ ರೀತಿ ಎಳೆಯಬಹುದು, ದೂರದ ಬಡಾವಣೆಗಳನ್ನು ಜೋಡಿಸಬಹುದು, ಮಕ್ಕಳನ್ನು ಬಸ್ಸಿನಲ್ಲಿ ಕಳಿಸಬಹುದು.

ಇಡೀ ಕೌಂಟಿ ಒಂದೇ ಡಿಸ್ಟ್ರಿಕ್ಟ್ ಆಗಿದ್ದರಿಂದಲೇ ಅಲ್ಲಿ ಇದು ಸಾಧ್ಯವಾಯಿತು ಅನ್ನುವುದನ್ನು ಮರೆಯಬಾರದು. ಮೂರು ವರ್ಷಕ್ಕೆ, 1974ರಲ್ಲಿ, ಡೆಟ್ರಾಯಿಟ್ ನಗರದ ವಿಷಯದಲ್ಲಿ ಅದೇ ಸುಪ್ರೀಂ ಕೋರ್ಟ್ 5-4ರಲ್ಲಿ ಬೇರೆ ಮಾತು ಹೇಳಿತು. ಸುತ್ತಲಿನ 53 ಉಪನಗರ ಡಿಸ್ಟ್ರಿಕ್ಟ್‌ಗಳು ತಪ್ಪು ಮಾಡಿವೆ ಎಂದು ಸಾಬೀತಾಗದೆ ಮಕ್ಕಳನ್ನು ಬೆರೆಸುವ ಯೋಜನೆಯೊಳಗೆ ಅವನ್ನು ಎಳೆಯುವ ಹಾಗಿಲ್ಲ ಎಂದಿತು. ಅಂದರೆ ಉಳ್ಳವರು ದೊಡ್ಡ ಗೆರೆ ದಾಟಿ ಮನೆ ಮಾಡಿದರೆ ಮುಗಿಯಿತು. ದುಡ್ಡೂ ಅತ್ತ, ಮಕ್ಕಳೂ ಅತ್ತ. ಈ ಎರಡು ತೀರ್ಪುಗಳು, ರೊಡ್ರಿಗೆಜ್ ಅವರ 1973ರದ್ದು ಮತ್ತು ಡೆಟ್ರಾಯಿಟ್‌ನ 1974ರದ್ದು, ಒಟ್ಟಿಗೆ ಸೇರಿ ದೊಡ್ಡ ಗೆರೆಯನ್ನು ಗೋಡೆ ಮಾಡಿದವು.

ಷಾರ್ಲೆಟ್‌ನ ಬಸ್ಸು ಎಲ್ಲರಿಗೂ ಸುಖದ್ದಾಗಿರಲಿಲ್ಲ. ಸೆಕೆಂಡ್ ವಾರ್ಡ್ ಹೈಸ್ಕೂಲಿನಂಥ ಕಪ್ಪು ಜನರ ಹೆಮ್ಮೆಯ ಶಾಲೆ 1969ರಲ್ಲಿ ಮುಚ್ಚಿತ್ತು. ಪ್ರಯಾಣದ ಭಾರ ಕಪ್ಪು ಮಕ್ಕಳ ಮೇಲೆ ಜಾಸ್ತಿ ಬಿತ್ತು. ಆದರೂ ಊರು ಅದನ್ನು ತನ್ನದು ಮಾಡಿಕೊಂಡಿತು. 1984ರ ಅಕ್ಟೋಬರಿನಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಷಾರ್ಲೆಟ್‌ಗೆ ಬಂದು, ಬಸ್ಸಿನ ಈ ಪ್ರಯೋಗ ಸೋತಿದೆ ಎಂದು ಭಾಷಣ ಮಾಡಿದರು. ಅವರದೇ ಬೆಂಬಲಿಗರ ಸಭೆ. ಚಪ್ಪಾಳೆ ಬೀಳಲಿಲ್ಲ, ಎಲ್ಲ ಸುಮ್ಮನೆ ಕೂತಿದ್ದರು. ಅಧ್ಯಕ್ಷರು ಹೇಳಿದ್ದು ತಪ್ಪು ಎಂದು ಊರಿನ ಪತ್ರಿಕೆ ಸಂಪಾದಕೀಯವನ್ನೇ ಬರೆಯಿತು.

ಮುಂದೆ ಊರು ಬೆಳೆಯಿತು, ಹೊಸಬರು ಬಂದರು, ಹೊಸ ದಾವೆ ಬಿತ್ತು. 1999ರಲ್ಲಿ ಫೆಡರಲ್ ನ್ಯಾಯಾಧೀಶರು ಹಳೆಯ ಆದೇಶ ಮುಗಿಸಿದರು. 2002ರಲ್ಲಿ ಹೊಸ ಗೆರೆಗಳು ಜಾರಿಗೆ ಬಂದವು. ಮತ್ತೆ ಹತ್ತಿರದ ಶಾಲೆ. ಹೆಚ್ಚುಕಡಿಮೆ ಅರ್ಧ ಮಕ್ಕಳ ಶಾಲೆ ಬದಲಾಯಿತು.

ಇಲ್ಲಿಂದ ಮುಂದಿನದು ಈ ಕಥೆಯಲ್ಲಿ ನನಗೆ ಅತಿ ಮುಖ್ಯ ಅನಿಸುವ ಭಾಗ. ಸ್ಟೀಫನ್ ಬಿಲ್ಲಿಂಗ್ಸ್, ಡೇವಿಡ್ ಡೆಮಿಂಗ್ ಮತ್ತು ಜೋನಾ ರಾಕಾಫ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಒಂದೇ ಬಡಾವಣೆಯ, ಆದರೆ ಹೊಸ ಗೆರೆಯ ಆಚೆ ಈಚೆ ಬಿದ್ದ ಮಕ್ಕಳನ್ನು ಹೋಲಿಸಿದರು. ನಿನ್ನೆಯವರೆಗೆ ಒಂದೇ ಶಾಲೆಯ ಮಕ್ಕಳು, ಇವತ್ತು ನಡುವೆ ಗೆರೆ. ಅಲ್ಪಸಂಖ್ಯಾತ, ಅಂದರೆ ಕಪ್ಪು ಮತ್ತು ಲ್ಯಾಟಿನೊ, ಮಕ್ಕಳೇ ಹೆಚ್ಚಿರುವ ಶಾಲೆಗೆ ಹೋದವರ ಹೈಸ್ಕೂಲ್ ಅಂಕ ಇಳಿಯಿತು. ಬಿಳಿಯರದ್ದೂ ಇಳಿಯಿತು, ಉಳಿದವರದ್ದೂ ಇಳಿಯಿತು. ಅಲ್ಪಸಂಖ್ಯಾತ ಹುಡುಗರು ಪೊಲೀಸ್ ಕೇಸಿನಲ್ಲಿ ಸಿಕ್ಕಿಕೊಳ್ಳುವುದು ಬಹಳ ಹೆಚ್ಚಿತು. ಈ ಅಧ್ಯಯನ 2014ರಲ್ಲಿ ಪ್ರಕಟವಾಯಿತು.

ಡಿಸ್ಟ್ರಿಕ್ಟ್‌ನವರು ಕೈಕಟ್ಟಿ ಕೂತಿರಲಿಲ್ಲ. ಬಡ ಮಕ್ಕಳು ಒಟ್ಟಾದ ಶಾಲೆಗಳಿಗೆ ಹೆಚ್ಚು ದುಡ್ಡು ಕೊಟ್ಟರು. ಹೊಸ ವ್ಯವಸ್ಥೆಯಲ್ಲಿ ಚಿಕ್ಕ ತರಗತಿಯಿಂದಲೇ ಓದಿದ ಮಕ್ಕಳಲ್ಲಿ ಓದಿನ ಮೇಲಿನ ಪೆಟ್ಟು ಕಡಿಮೆಯಾಗಿತ್ತು. ಅಪರಾಧದ ಮೇಲಿನ ಪರಿಣಾಮ ಮಾತ್ರ ಹಾಗೇ ಉಳಿಯಿತು. ದುಡ್ಡಿನಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಅನ್ನುವುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ನಾನು ಬೇರೆ ಓದಿಲ್ಲ. ಟೀಚರನ್ನು ದುಡ್ಡು ಕೊಟ್ಟು ತರಬಹುದು. ಪಕ್ಕದ ಬೆಂಚಿನಲ್ಲಿ ಯಾರು ಕೂರುತ್ತಾರೆ, ಯಾರ ಜೊತೆ ಸಂಜೆ ಓಡಾಡುತ್ತಾರೆ ಅನ್ನುವುದು ಗೆರೆಯಿಂದ ಬರುತ್ತದೆ.

ಇನ್ನೊಂದು ಅಂಕಿ ಈ ಚರ್ಚೆಯಲ್ಲಿ ಯಾವಾಗಲೂ ಬರುತ್ತದೆ. ರಾಜ್ ಚೆಟ್ಟಿ ಮತ್ತು ಜೊತೆಗಾರರು 2014ರಲ್ಲಿ ಅಮೆರಿಕದ 50 ದೊಡ್ಡ ನಗರ ಪ್ರದೇಶಗಳನ್ನು ಹೋಲಿಸಿದರು. ಅತಿ ಬಡ ಐದನೇ ಒಂದು ಪಾಲಿನಲ್ಲಿ ಹುಟ್ಟಿದ ಮಗು ದೊಡ್ಡದಾಗಿ ಅತಿ ಸಿರಿವಂತ ಐದನೇ ಒಂದು ಪಾಲಿಗೆ ಏರುವ ಸಾಧ್ಯತೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಶೇ. 12.9, ಷಾರ್ಲೆಟ್‌ನಲ್ಲಿ ಶೇ. 4.4. ಐವತ್ತರಲ್ಲಿ ಐವತ್ತನೆಯ ಸ್ಥಾನ. ಬಸ್ಸು ನಿಲ್ಲಿಸಿದ್ದಕ್ಕೇ ಹೀಗಾಯಿತು ಎಂದು ಕೆಲವರು ಇದನ್ನು ತೋರಿಸುತ್ತಾರೆ. ಅದು ಸರಿಯಲ್ಲ. ಆ ಲೆಕ್ಕದಲ್ಲಿರುವವರು 1980ರ ಸುಮಾರಿಗೆ ಹುಟ್ಟಿದವರು, ಬಸ್ಸಿನ ಕಾಲದಲ್ಲೇ ಓದಿದವರು. ಮನೆ, ಕೆಲಸ, ಓಡಾಟದ ಅನುಕೂಲ ಇವೆಲ್ಲ ಬೇರೆಯಾಗಿಯೇ ಇದ್ದಾಗ ಶಾಲೆಯೊಂದೇ ಎಲ್ಲವನ್ನೂ ಎತ್ತಲಾರದು. ಶಾಲೆಯ ಗೆರೆ ಮುಖ್ಯ ಎಂದು ನಂಬುವ ನನ್ನಂಥವರು ಇದನ್ನು ಒಪ್ಪಿಕೊಂಡೇ ಮಾತಾಡಬೇಕು.

ಹುಂಡಿಯೊಳಗಿನ ಸೋರಿಕೆ

ಒಂದೇ ಡಿಸ್ಟ್ರಿಕ್ಟ್ ಒಳಗೂ ಎಲ್ಲ ಶಾಲೆಗೆ ಸಮ ದುಡ್ಡು ಹೋಗುತ್ತದೆ ಅಂದುಕೊಳ್ಳಬೇಡಿ. ಬಹಳ ಕಡೆ ಡಿಸ್ಟ್ರಿಕ್ಟ್ ಶಾಲೆಗಳಿಗೆ ದುಡ್ಡು ಹಂಚುವುದಿಲ್ಲ, ಹುದ್ದೆ ಹಂಚುತ್ತದೆ. ಇಷ್ಟು ಮಕ್ಕಳಿಗೆ ಇಷ್ಟು ಟೀಚರ್. ಲೆಕ್ಕಕ್ಕೆ ಎರಡು ಶಾಲೆ ತೆಗೆದುಕೊಳ್ಳಿ. ಎರಡಕ್ಕೂ 30 ಟೀಚರ್ ಹುದ್ದೆ. ಅನುಭವ ಬಂದ ಟೀಚರ್‌ಗಳು ವರ್ಗ ಕೇಳಿಕೊಂಡು ಅನುಕೂಲಸ್ಥ ಬಡಾವಣೆಗೆ ಹೋಗುತ್ತಾರೆ. ಅಲ್ಲಿ ಸರಾಸರಿ ಸಂಬಳ 70,000 ಡಾಲರ್ ಇರಲಿ. ಬಡ ಬಡಾವಣೆಯಲ್ಲಿ ಹೊಸಬರೇ ಹೆಚ್ಚು, ಸರಾಸರಿ 50,000. ಕಾಗದದ ಮೇಲೆ ಎರಡೂ ಸಮ. ನಿಜವಾಗಿ ವರ್ಷಕ್ಕೆ 6,00,000 ಡಾಲರ್ ವ್ಯತ್ಯಾಸ. ಎಜ್‌ವುಡ್‌ನಲ್ಲಿ ನೋಡಿದ ಅದೇ ಕಥೆ ಚಿಕ್ಕ ಅಳತೆಯಲ್ಲಿ. 2015ರ ಫೆಡರಲ್ ಕಾನೂನು ಬಂದ ಮೇಲೆ ಪ್ರತಿ ಶಾಲೆಯಲ್ಲೂ ಮಗುವಿಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂದು ಪ್ರಕಟಿಸಬೇಕು. ನಿಮ್ಮ ಮಕ್ಕಳು ಅಲ್ಲಿ ಓದುತ್ತಿದ್ದರೆ ಆ ಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. ಮನೆ ಮಾರುವ ಜಾಲತಾಣಗಳಲ್ಲಿ ಒಂದರಿಂದ ಹತ್ತರವರೆಗೆ ಕೊಡುವ ಅಂಕಕ್ಕಿಂತ ಅದು ಜಾಸ್ತಿ ಹೇಳುತ್ತದೆ. ಆ ಅಂಕ ಬಹುಮಟ್ಟಿಗೆ ಪರೀಕ್ಷೆಯ ಫಲ. ಪರೀಕ್ಷೆಯ ಫಲ ಬಹುಮಟ್ಟಿಗೆ ಮನೆಯ ಅನುಕೂಲದ ಫಲ.

ಗೆರೆ ಬದಲಿಸುವ ಸಭೆಗಳಿಗೆ ಹೋಗುವ ಅವಕಾಶ ಬಂದರೆ ದಯವಿಟ್ಟು ಹೋಗಿ. ಹೊಸ ಶಾಲೆ ಕಟ್ಟಿದಾಗ, ಒಂದು ಶಾಲೆ ತುಂಬಿ ಪಕ್ಕದ್ದು ಖಾಲಿ ಇದ್ದಾಗ ಮಂಡಳಿ ಗೆರೆ ಬದಲಿಸಲೇಬೇಕಾಗುತ್ತದೆ. ಒಂದು ಗೆರೆ ಜರುಗಿಸಿದರೆ ಮುಂದಿನದು ಜರುಗುತ್ತದೆ. ಪ್ರೈಮರಿ ಬದಲಾದರೆ ಮಿಡ್ಲ್ ಸ್ಕೂಲು, ಅದರ ಹಿಂದೆ ಹೈಸ್ಕೂಲು. ಆ ಸಭೆಗಳಲ್ಲಿ ಮೈಕಿನ ಮುಂದೆ ಸಾಲು ನಿಲ್ಲುವವರು ಹೆಚ್ಚಾಗಿ ಗೆರೆಯಿಂದ ಲಾಭ ಪಡೆದವರು. ಎರಡು ಕೆಲಸ ಮಾಡುವ ತಾಯಿ ರಾತ್ರಿ ಏಳು ಗಂಟೆಯ ಸಭೆಗೆ ಹೇಗೆ ಬರುತ್ತಾಳೆ? ನಮ್ಮವರೂ ಆ ಸಾಲಿನಲ್ಲಿ ನಿಂತು "ಮನೆಯ ಬೆಲೆ ಬೀಳುತ್ತದೆ" ಅನ್ನುವುದನ್ನು ಕೇಳಿದಾಗ ನನಗೆ ಬೇಜಾರಾಗುತ್ತದೆ. ಸಾಲ ಮಾಡಿ ಕೊಂಡ ಮನೆ, ಆತಂಕ ಅರ್ಥವಾಗುತ್ತದೆ. ಅದರ ಜೊತೆಗೆ ಇನ್ನೂ ಮೂರು ಮಾತು ಕೇಳಬಹುದಲ್ಲ: ಹೊಸ ಗೆರೆಯಿಂದ ಪ್ರತಿ ಶಾಲೆಯಲ್ಲಿ ಬಡ ಮಕ್ಕಳ ಪಾಲು ಎಷ್ಟಾಗುತ್ತದೆ? ದೂರದ ಪ್ರಯಾಣ ಯಾರ ಮಕ್ಕಳ ಮೇಲೆ ಬೀಳುತ್ತದೆ? ಕಳೆದ ಸಲವೂ ಶಾಲೆ ಬದಲಿಸಬೇಕಾಗಿ ಬಂದದ್ದು ಅದೇ ಮಕ್ಕಳಿಗಾ?

ಹೀಗೆ ಕೇಳಿದ್ದರಿಂದ ಒಂದು ಸಣ್ಣ ಬದಲಾವಣೆ ಷಾರ್ಲೆಟ್‌ನಲ್ಲೇ ಆಯಿತು. 2007ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮಗುವಿನ ಬಣ್ಣ ನೋಡಿ ಶಾಲೆ ಹಂಚುವ ಹಾಗಿರಲಿಲ್ಲ. ಮಂಡಳಿಯವರು ಬಡಾವಣೆಯ ಆದಾಯ, ದೊಡ್ಡವರ ಓದು, ಸ್ವಂತ ಮನೆ ಇಂಥವನ್ನು ಲೆಕ್ಕಕ್ಕೆ ತೆಗೆದುಕೊಂಡರು. 2017ರಲ್ಲಿ ಕೆಲವು ಶಾಲೆಗಳನ್ನು ಜೋಡಿ ಮಾಡಲು ತೀರ್ಮಾನಿಸಿದರು. ಒಂದು ಜೋಡಿ ಬಿಲ್ಲಿಂಗ್ಸ್‌ವಿಲ್ ಮತ್ತು ಕಾಟ್ಸ್‌ವೋಲ್ಡ್. ಬಿಲ್ಲಿಂಗ್ಸ್‌ವಿಲ್ ಇರುವುದು ಗ್ರಿಯರ್ ಹೈಟ್ಸ್ ಎಂಬ ಹಳೆಯ ಕಪ್ಪು ಜನರ ಬಡಾವಣೆಯಲ್ಲಿ. ಅಲ್ಲಿ 1927ರಲ್ಲೇ ಶಾಲೆ ಇತ್ತು, ಜಾಗ ಕೊಟ್ಟವರು ಅದೇ ಬಡಾವಣೆಯ ಸ್ಯಾಮ್ ಬಿಲ್ಲಿಂಗ್ಸ್. ಕಾಟ್ಸ್‌ವೋಲ್ಡ್ ಹತ್ತಿರದಲ್ಲೇ ಇರುವ ಅನುಕೂಲಸ್ಥರ ಶಾಲೆ. ಎರಡರ ನಡುವಿನ ಗೆರೆಯನ್ನು ಅಳಿಸಿದರು. ಎರಡೂ ಕಡೆಯ ಮಕ್ಕಳು ಕಿಂಡರ್‌ಗಾರ್ಟನ್‌ನಿಂದ ಎರಡನೇ ತರಗತಿವರೆಗೆ ಬಿಲ್ಲಿಂಗ್ಸ್‌ವಿಲ್‌ನಲ್ಲಿ, ಮೂರರಿಂದ ಐದರವರೆಗೆ ಕಾಟ್ಸ್‌ವೋಲ್ಡ್‌ನಲ್ಲಿ. 2018ರಲ್ಲಿ ಇದು ಶುರುವಾಯಿತು. ಗ್ರಿಯರ್ ಹೈಟ್ಸ್‌ನ ಶಾಲೆಯ ನಲ್ಲಿ ಕೆಟ್ಟರೆ ಈಗ ಎರಡೂ ಬಡಾವಣೆಯ ಅಪ್ಪ ಅಮ್ಮಂದಿರು ಫೋನ್ ಮಾಡುತ್ತಾರೆ.